ಸಂಕಟ ಬರುವ ಮೊದಲು ವೆಂಕಟರಮಣ

“ಸಂಕಟ ಬಂದಾಗ ವೆಂಕಟರಮಣ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಸುಖದ ದಿನಗಳಲ್ಲಿ ದೇವರ ನೆನಪಿಲ್ಲದೆ ಕಾಲ ಕಳೆದು, ಕಷ್ಟವು ಬಾಗಿಲನ್ನು ತಟ್ಟಿದೊಡನೆ ಹರಕೆ ಹೊರುವವನನ್ನು ಕಂಡು ಲೋಕವು ನಗುತ್ತ ಆಡುವ ಮಾತಿದು. ಆದರೆ ಈ ನಗುವಿನಲ್ಲಿ ತುಸು ಅನ್ಯಾಯವೂ ಬೆರೆತಿದೆ. ಬಿದ್ದು ಪೆಟ್ಟು ಮಾಡಿಕೊಂಡ ಮಗುವು ತಾಯಿಯನ್ನು ಕೂಗುವುದು ತಪ್ಪಲ್ಲ, ಕೂಗಿದ ಮಗುವನ್ನು “ಇಷ್ಟು ಹೊತ್ತು ಎಲ್ಲಿದ್ದೆ?” ಎಂದು ಕೇಳಿ ದೂರ ತಳ್ಳುವ ತಾಯಿಯೂ ಇಲ್ಲ. ಭಗವದ್ಗೀತೆಯ ಏಳನೆಯ ಅಧ್ಯಾಯದಲ್ಲಿ ತನ್ನನ್ನು ಭಜಿಸುವ ನಾಲ್ಕು ಬಗೆಯ ಪುಣ್ಯವಂತರನ್ನು ಎಣಿಸುವಾಗ ಶ್ರೀಕೃಷ್ಣನು ಆರ್ತನನ್ನು, ಎಂದರೆ ಕಷ್ಟದಲ್ಲಿ ಮೊರೆಯಿಡುವವನನ್ನು, ಪಂಕ್ತಿಯಿಂದ ಎಬ್ಬಿಸಿಲ್ಲ. ಅವನನ್ನೂ ಉದಾರನೆಂದೇ ಕರೆದಿದ್ದಾನೆ.

ಹಾಗಾದರೆ ಗಾದೆಯು ಎತ್ತಿ ತೋರಿಸುವ ದೋಷ ಯಾವುದು? ದೋಷವಿರುವುದು ಸಂಕಟದಲ್ಲಿ ಕರೆಯುವುದರಲ್ಲಲ್ಲ. ಕರೆಯುವುದಕ್ಕೆ ಆಗ ಸಮಯವು ದೊರೆತೇ ದೊರೆಯುವುದೆಂಬ ನಂಬಿಕೆಯಲ್ಲಿ. ಸಂಕಟವು ನೆಂಟನಂತೆ ಮುಂಚಿತವಾಗಿ ಕಾಗದ ಬರೆದು ಬರುವುದೆಂದು ಮನುಷ್ಯನು ಭಾವಿಸಿದ್ದಾನೆ. ಬಂದು ಜಗಲಿಯಲ್ಲಿ ಕುಳಿತು, ಅವನು ಕೈಕಾಲು ತೊಳೆದು ದೇವರ ಕೋಣೆಗೆ ಹೋಗಿ ಬರುವವರೆಗೆ ಕಾದಿರುವುದೆಂದೂ ಭಾವಿಸಿದ್ದಾನೆ. ಈ ಭಾವನೆ ಎಷ್ಟು ದುರ್ಬಲವೆಂಬುದನ್ನು ತಿಳಿಯುವುದಕ್ಕೆ ಪುರಾಣಕಾಲಕ್ಕೆ ಹೋಗಬೇಕಾಗಿಲ್ಲ. ೨೦೨೪ನೆಯ ಇಸವಿಯಲ್ಲಿ ಆಕಾಶಮಧ್ಯದಲ್ಲಿ ನಡೆದ ಒಂದು ಘಟನೆಯೇ ಸಾಕು.

ಹಿಂದಿನ ಪ್ರವಚನಕಾರರು ಸಂಸಾರಕ್ಕೆ ಕಡಲನ್ನೂ ಶರೀರಕ್ಕೆ ನಾವೆಯನ್ನೂ ಹೋಲಿಸುತ್ತಿದ್ದರು. ಕಡಲ ಕರೆಯಲ್ಲಿ ಬಾಳುವ ಜನಕ್ಕೆ ಆ ಮಾತು ಸುಲಭವಾಗಿ ತಿಳಿಯುತ್ತಿತ್ತು. ಈಗ ಕಾಲವು ಬದಲಾಗಿದೆ. ಕಾಸರಗೋಡು ಸೀಮೆಯ ಎಷ್ಟೋ ಮನೆಗಳ ಮಕ್ಕಳು ದುಡಿಮೆಗಾಗಿ ದುಬೈ, ದೋಹಾ, ಮಸ್ಕತ್ತುಗಳಿಗೆ ಹಾರಿ ಹೋಗುತ್ತಾರೆ. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಜಾತ್ರೆಯ ವೇಳೆಗೆ ಮರಳುತ್ತಾರೆ. ಇಂದಿನ ತಾಯಂದಿರಿಗೆ ಹಡಗಿಗಿಂತ ವಿಮಾನವೇ ಹೆಚ್ಚು ಪರಿಚಿತವಾಗಿದೆ. ಆದುದರಿಂದ ವಿಮಾನದ ದೃಷ್ಟಾಂತವು ಇಂದು ಯಾರಿಗೂ ಅಪರಿಚಿತವೆನಿಸಲಾರದು.

ಆ ವರ್ಷದ ಮೇ ತಿಂಗಳ ೨೦ರ ರಾತ್ರಿ ಲಂಡನ್ ನಗರದ ಹೀತ್ರೂ ನಿಲ್ದಾಣದಿಂದ ಸಿಂಗಾಪುರ್ ಏರ್‌ಲೈನ್ಸ್ ಸಂಸ್ಥೆಯ ೩೨೧ನೆಯ ಸಂಖ್ಯೆಯ ವಿಮಾನವು ಸಿಂಗಾಪುರಕ್ಕೆ ಹೊರಟಿತು. ಅದು ಬೋಯಿಂಗ್ ೭೭೭ ಎಂಬ ಜಾತಿಯ ಬೃಹದ್ವಿಮಾನ. ಅದರಲ್ಲಿ ೨೧೧ ಮಂದಿ ಪ್ರಯಾಣಿಕರೂ ೧೮ ಮಂದಿ ಸಿಬ್ಬಂದಿಯವರೂ ಇದ್ದರು. ರಾತ್ರಿ ಕಳೆದು ಹಗಲಾಯಿತು. ಸುಮಾರು ಹತ್ತು ಗಂಟೆಗಳ ಪ್ರಯಾಣವು ಮುಗಿದು, ವಿಮಾನವು ಬರ್ಮಾ ದೇಶದ ದಕ್ಷಿಣ ಭಾಗದ ಮೇಲೆ ೩೭,೦೦೦ ಅಡಿ ಎತ್ತರದಲ್ಲಿ ಸಾಗುತ್ತಿತ್ತು. ಭಾರತದ ಗಡಿಯಾರದಲ್ಲಿ ಆಗ ಮಧ್ಯಾಹ್ನ ಒಂದು ಗಂಟೆ ಹತ್ತೊಂಬತ್ತು ನಿಮಿಷ. ಉಪಾಹಾರದ ವೇಳೆ. ಕೆಲವರು ಉಣ್ಣುತ್ತಿದ್ದರು, ಕೆಲವರು ನಿದ್ರಿಸುತ್ತಿದ್ದರು, ಕೆಲವರು ಎದ್ದು ನಡೆದಾಡುತ್ತಿದ್ದರು. ಪರಿಚಾರಕರು ತಮ್ಮ ಕೆಲಸದಲ್ಲಿದ್ದರು. ಗಮ್ಯಸ್ಥಾನವು ಇನ್ನು ಮೂರು ಗಂಟೆಗಳಷ್ಟೂ ದೂರವಿರಲಿಲ್ಲ.

ಅನಂತರ ನಡೆದುದನ್ನು ಸಿಂಗಾಪುರದ ಸಾರಿಗೆ ಸುರಕ್ಷತಾ ತನಿಖಾ ದಳವು ಮೇ ೨೯ರಂದು ಪ್ರಕಟವಾದ ತನ್ನ ಪ್ರಾಥಮಿಕ ವರದಿಯಲ್ಲಿ, ಕಾಸು ಕಾಸಿಗೆ ಲೆಕ್ಕ ಬರೆದಿಟ್ಟ ಖಾತೆಯಂತೆ, ಕ್ಷಣ ಕ್ಷಣಕ್ಕೆ ಬರೆದಿಟ್ಟಿದೆ. ಮೊದಲು ವಿಮಾನವು ಅಲುಗಾಡಲು ಆರಂಭಿಸಿತು. ಆ ಅಲುಗಾಟವು ಹತ್ತೊಂಬತ್ತು ಸೆಕೆಂಡುಗಳ ಕಾಲ ನಡೆಯಿತು. ಅದೇ ವೇಳೆಗೆ, ಯಾರೂ ಏರಿಸದೆಯೇ ವಿಮಾನವು ತಾನಾಗಿ ಮೇಲೇರತೊಡಗಿ ೩೭,೩೬೨ ಅಡಿಗಳವರೆಗೆ ಹೋಯಿತು. ವೇಗವೂ ತಾನಾಗಿ ಹೆಚ್ಚಿತು. ಚಾಲಕರು ವೇಗವನ್ನು ತಡೆಯುವ ರೆಕ್ಕೆಯ ಫಲಕಗಳನ್ನು ಎತ್ತಿದರು. ಅಲುಗಾಟ ಆರಂಭವಾದ ಹನ್ನೊಂದನೆಯ ಸೆಕೆಂಡಿನಲ್ಲಿ, ಸೊಂಟದ ಪಟ್ಟಿಯನ್ನು ಕಟ್ಟಿಕೊಳ್ಳಬೇಕೆಂಬ ದೀಪವನ್ನು ಬೆಳಗಿಸಲಾಗಿದೆಯೆಂದು ಚಾಲಕರಲ್ಲೊಬ್ಬರು ಕೂಗಿ ಹೇಳಿದ ದನಿಯು ಯಂತ್ರದಲ್ಲಿ ದಾಖಲಾಗಿದೆ.

ಅದಾದ ಎಂಟು ಸೆಕೆಂಡುಗಳಿಗೆ ವಿಮಾನವು ಕಾಲ ಕೆಳಗಿನಿಂದ ಜಾರಿತು. ಒಂದು ಸೆಕೆಂಡಿಗಿಂತಲೂ ಕಡಮೆ ಅವಧಿಯಲ್ಲಿ, ಎಂದರೆ ಕಣ್ಣಿನ ರೆಪ್ಪೆಯನ್ನು ಎರಡು ಸಲ ಬಡಿಯುವಷ್ಟರಲ್ಲಿ, ಶರೀರದ ಭಾರವು ತಲೆಕೆಳಗಾಯಿತು. ಕೆಳಕ್ಕೆ ಒತ್ತುತ್ತಿದ್ದ ಭಾರವು ಮೇಲಕ್ಕೆ, ಅದೂ ಒಂದೂವರೆ ಪಾಲಿನಷ್ಟಾಗಿ ಎಸೆಯಿತು. ಪಟ್ಟಿಯಿಲ್ಲದವರು ಆಸನದಿಂದ ಎದ್ದು ಹಾರಿದರು. ಮುಂದಿನ ನಾಲ್ಕು ಸೆಕೆಂಡುಗಳಲ್ಲಿ ಭಾರವು ಮತ್ತೆ ಮೊದಲಿನ ದಿಕ್ಕಿಗೆ ತಿರುಗಿತು. ಮೇಲೆ ಹಾರಿದವರು ಕೆಳಗೆ ಬಿದ್ದರು. ಈ ನಾಲ್ಕೂವರೆ ಸೆಕೆಂಡುಗಳ ಅವಧಿಯಲ್ಲಿ ವಿಮಾನವು ಇಳಿದದ್ದು ೧೭೮ ಅಡಿ ಮಾತ್ರ. ಮೂರು ಅಡಿಕೆಯ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ೩೭,೦೦೦ ಅಡಿಗಳ ಮುಂದೆ ಅದು ಲೆಕ್ಕಕ್ಕೇ ಬಾರದ ಮೊತ್ತ. ಆದರೆ ಆ ಅಲ್ಪ ಮೊತ್ತದಲ್ಲಿ ಒಬ್ಬ ವೃದ್ಧ ಪ್ರಯಾಣಿಕರ ಪ್ರಾಣವು ಹೋಯಿತು. ಹೃದಯಾಘಾತವಾಗಿರಬಹುದೆಂದು ಅಂದು ಹೇಳಲಾಯಿತು. ಹಲವರ ಬೆನ್ನೆಲುಬಿಗೂ ತಲೆಗೂ ಬಲವಾದ ಪೆಟ್ಟುಗಳಾದವು. ಚಾವಣಿಯ ಹಲಗೆಗಳು ಒಡೆದವು. ಉಸಿರಾಟದ ಮುಖವಾಡಗಳು ಜೋತಾಡಿದವು.

ವಾಚಕರು ಇಲ್ಲಿ ಒಂದು ಅಂಕೆಯನ್ನು ಮನಸ್ಸಿನಲ್ಲಿಡಬೇಕು. ಎಚ್ಚರಿಕೆಗೂ ಆಘಾತಕ್ಕೂ ನಡುವೆ ಇದ್ದುದು ಎಂಟು ಸೆಕೆಂಡುಗಳು. ನಿದ್ರಿಸುತ್ತಿದ್ದವನು ಎಚ್ಚರಗೊಂಡು, ಹೊದಿಕೆಯನ್ನು ಸರಿಸಿ, ಪಟ್ಟಿಯ ಎರಡು ತುದಿಗಳನ್ನು ಹುಡುಕಿ, ಒಂದನ್ನೊಂದರಲ್ಲಿ ಸೇರಿಸುವುದಕ್ಕೆ ಎಂಟು ಸೆಕೆಂಡು ಸಾಲದು. ಕೈಯಲ್ಲಿ ಊಟದ ತಟ್ಟೆಯಿದ್ದವನಿಗೆ ಸಾಲದು. ನಡೆದಾಡುತ್ತಿದ್ದವನಿಗೆ ತನ್ನ ಆಸನಕ್ಕೆ ಮರಳುವುದಕ್ಕೂ ಸಾಲದು. ಆ ಎಂಟು ಸೆಕೆಂಡುಗಳು ಯಾರ ಪಾಲಿಗೆ ಬೇಕಾದಷ್ಟಾಗಿದ್ದವು? ಒಂದು ಗಂಟೆಯ ಹಿಂದೆ, ಎರಡು ಗಂಟೆಗಳ ಹಿಂದೆ, ಆಕಾಶವು ಶಾಂತವಾಗಿದ್ದಾಗಲೇ ಪಟ್ಟಿಯನ್ನು ಕಟ್ಟಿಕೊಂಡು ಅದನ್ನು ಮರೆತು ಕುಳಿತಿದ್ದವರ ಪಾಲಿಗೆ. ಅವರು ಆ ಸಮಯದಲ್ಲಿ ಏನನ್ನೂ ಮಾಡಬೇಕಾಗಿರಲಿಲ್ಲ. ಮಾಡಬೇಕಾದುದನ್ನು ಅವರು ಮಾಡಿ ಮುಗಿಸಿದ್ದರು.

ಕನ್ನಡದಲ್ಲಿ ‘ಕಟಿಬದ್ಧ’ ಎಂಬ ಮಾತುಂಟು. ಕಟಿಯೆಂದರೆ ಸೊಂಟ, ಸೊಂಟವನ್ನು ಕಟ್ಟಿಕೊಂಡವನು ಕಟಿಬದ್ಧನು. ಕಾರ್ಯಕ್ಕೆ ಸಿದ್ಧನಾಗಿ ನಿಂತವನನ್ನು ಹಾಗೆ ಕರೆಯುವುದು ರೂಢಿ. ಹಳ್ಳಿಯ ಮಾತಿನಲ್ಲಿ ಅದೇ ‘ಟೊಂಕ ಕಟ್ಟುವುದು’. ಟೊಂಕವನ್ನು ಕಟ್ಟುವುದು ಗದ್ದೆಗೆ ಇಳಿಯುವ ಮೊದಲು. ನೀರಿನ ಮಧ್ಯದಲ್ಲಿ ನಿಂತು ಯಾರೂ ಕಟ್ಟುವುದಿಲ್ಲ. ಈ ಹಳೆಯ ಮಾತಿಗೆ ವಿಮಾನವು ಹೊಸ ಅರ್ಥವನ್ನೇನೂ ಕೊಟ್ಟಿಲ್ಲ. ಹಳೆಯ ಅರ್ಥವನ್ನೇ ಎಲ್ಲರಿಗೂ ಕಾಣುವಂತೆ ಮಾಡಿದೆ.

ಇಷ್ಟು ದೊಡ್ಡ ವಿಮಾನವನ್ನು ಅಲುಗಿಸಿದ ವಸ್ತುವು ಏನು? ಕಲ್ಲಲ್ಲ, ಬೆಟ್ಟವಲ್ಲ, ಬರಿಯ ಗಾಳಿ. ವೈಶಾಖದ ಬಿಸಿಲಿಗೆ ನೆಲವು ಕಾದು, ಕಾದ ಗಾಳಿಯು ಮೇಲೇರಿ, ಸಂಜೆಗೆ ಗುಡುಗು ಮಳೆಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಹಾಗೆ ಮೇಲೇರುವ ಗಾಳಿಯ ಕಂಬಗಳು ಮೋಡವನ್ನು ಕಟ್ಟುತ್ತ ಬಹಳ ಎತ್ತರದವರೆಗೆ ಬೆಳೆಯುತ್ತವೆ. ಆ ದಿನ ವಿಮಾನವು ಅಂತಹ ಬೆಳೆಯುತ್ತಿದ್ದ ಮೋಡಗಳ ಮೇಲಿನಿಂದ ಸಾಗುತ್ತಿದ್ದಿರಬೇಕೆಂದು ವರದಿಯು ಹೇಳುತ್ತದೆ. ಇದಲ್ಲದೆ ಮೋಡವೇ ಇಲ್ಲದ ತಿಳಿಯಾದ ಆಕಾಶದಲ್ಲಿಯೂ, ಎತ್ತರದಲ್ಲಿ ಹರಿಯುವ ವೇಗದ ಗಾಳಿಯ ಹೊಳೆಗಳ ಅಂಚಿನಲ್ಲಿ ವಾಯುಕ್ಷೋಭೆಯುಂಟಾಗುತ್ತದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ಇಂತಹ ತೀವ್ರ ಕ್ಷೋಭೆಯು ೧೯೭೯ರಿಂದ ೨೦೨೦ರ ಒಳಗೆ ಶೇಕಡಾ ೫೫ರಷ್ಟು ಹೆಚ್ಚಿದೆ. ಭೂಮಿಯ ಕಾವು ಏರುತ್ತಿರುವುದು ಇದಕ್ಕೆ ಕಾರಣವೆಂದು ಅವರ ಅಭಿಪ್ರಾಯ.

ವಿಮಾನದ ಮೂತಿಯಲ್ಲಿ ರೇಡಾರ್ ಎಂಬ ಯಂತ್ರವಿರುತ್ತದೆ. ಅದು ಕಣ್ಣಿಗೆ ಕಾಣದ ಅಲೆಗಳನ್ನು ಮುಂದಕ್ಕೆ ಕಳುಹಿಸಿ, ಮಳೆಹನಿಗಳಿಗೆ ತಾಗಿ ಮರಳುವ ಅಲೆಗಳಿಂದ ಮೋಡವನ್ನು ಗುರುತಿಸುತ್ತದೆ. ಹನಿಯಿರುವಲ್ಲಿ ಅದಕ್ಕೆ ಕಣ್ಣುಂಟು. ಒಣಗಾಳಿಯಿರುವಲ್ಲಿ ಅದು ಕುರುಡು. ಮನುಷ್ಯನ ವಿವೇಕವೂ ಹೀಗೆಯೇ. ಕಾಣುವ ಕಷ್ಟವನ್ನು ಅದು ದೂರದಿಂದಲೇ ಅಳೆದು ದಾರಿ ಬದಲಿಸೀತು. ಬೆಳೆ ಕೈಕೊಟ್ಟೀತೆಂದು ಧಾನ್ಯವನ್ನು ಕೂಡಿಡಬಲ್ಲದು; ರೋಗ ಬಂದೀತೆಂದು ಹಣವನ್ನು ಉಳಿಸಬಲ್ಲದು. ಅದು ಮಾಡತಕ್ಕ ಕೆಲಸವೇ; ಅದನ್ನು ಮಾಡದವನು ಭಕ್ತನೆನಿಸಿದರೂ ಜಾಣನಲ್ಲ. ಆದರೆ ತಿಳಿಯಾದ ಆಕಾಶದಲ್ಲಿ ಅಡಗಿದ ಕ್ಷೋಭೆಯುಂಟು. ನಡುರಾತ್ರಿಯಲ್ಲಿ ಪರದೇಶದಿಂದ ಬರುವ ದೂರವಾಣಿಯ ಕರೆಯುಂಟು. ಅದಕ್ಕೆ ಯಾವ ಬುದ್ಧಿವಂತಿಕೆಯೂ ಮುಂಚಿತವಾಗಿ ಗುರುತು ಹಾಕಿಡಲಾರದು.

ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಇಡುವ ಅಳಲು ಇಲ್ಲಿ ನೆನಪಿಗೆ ಬರುವುದು. ಮನಸ್ಸನ್ನು ಹಿಡಿದು ನಿಲ್ಲಿಸುವುದು ಗಾಳಿಯನ್ನು ಹಿಡಿದು ನಿಲ್ಲಿಸಿದಷ್ಟು ಕಷ್ಟವೆಂದು ಅವನು ಹೇಳಿಕೊಳ್ಳುತ್ತಾನೆ. ಶ್ರೀಕೃಷ್ಣನು ಅದನ್ನು ಅಲ್ಲಗಳೆಯುವುದಿಲ್ಲ. ಕಷ್ಟವೆಂಬುದು ನಿಜವೆಂದು ಒಪ್ಪಿಕೊಂಡು, ಅಭ್ಯಾಸದಿಂದಲೂ ವೈರಾಗ್ಯದಿಂದಲೂ ಅದು ಸಾಧ್ಯವೆನ್ನುತ್ತಾನೆ. ಗಾಳಿಯನ್ನು ನಿಲ್ಲಿಸಿಕೊಡುವೆನೆಂದು ಅವನು ಮಾತು ಕೊಟ್ಟಿಲ್ಲವೆಂಬುದನ್ನು ಗಮನಿಸಬೇಕು. ಅವನು ಕೊಟ್ಟದ್ದು ಅಭ್ಯಾಸವೆಂಬ ಸಾಧನವನ್ನು.

ಅಭ್ಯಾಸವೆಂಬುದು ಏನೆಂದು ಆ ವಿಮಾನದ ಚಾಲಕರನ್ನು ನೋಡಿ ತಿಳಿಯಬಹುದು. ತೀವ್ರವಾದ ಕ್ಷೋಭೆಯಲ್ಲಿ ವಿಮಾನವನ್ನು ಹೇಗೆ ನಡೆಸಬೇಕೆಂಬುದಕ್ಕೆ ವೈಮಾನಿಕರಿಗೆ ಶಿಕ್ಷಣವುಂಟು. ಮೇಲೆ ಎಸೆದರೆ ಕೂಡಲೇ ಕೆಳಕ್ಕೆ ಒತ್ತುವುದು, ಕೆಳಗೆ ಎಳೆದರೆ ಕೂಡಲೇ ಮೇಲಕ್ಕೆ ಜಗ್ಗುವುದು ಕೂಡದು. ಗಾಳಿಯೊಡನೆ ಹಟಕ್ಕೆ ಬಿದ್ದು ದೊಡ್ಡ ದೊಡ್ಡ ಚಲನೆಗಳನ್ನು ಮಾಡಿದರೆ ಗಾಳಿಯು ಮಾಡದ ಕೇಡನ್ನು ಚಾಲಕನ ಕೈಯೇ ಮಾಡೀತು. ಎತ್ತರವು ತುಸು ಹೆಚ್ಚು ಕಡಮೆಯಾಗಲಿ. ರೆಕ್ಕೆಗಳು ಸಮವಾಗಿರಲಿ, ಮುಖವು ದಿಕ್ಕು ತಪ್ಪದಿರಲಿ. ಇಷ್ಟನ್ನೇ ಅವನು ಹಿಡಿದಿರಬೇಕು. ಲಾಭಾಲಾಭಗಳು ಏರಿಳಿದರೂ ಬುದ್ಧಿಯು ಸಮವಾಗಿರಬೇಕೆಂದು ಎರಡನೆಯ ಅಧ್ಯಾಯವು ಬೋಧಿಸುವ ಸ್ಥಿತಪ್ರಜ್ಞತೆಗೂ ಈ ಶಿಕ್ಷಣಕ್ಕೂ ಎಷ್ಟು ಹತ್ತಿರದ ನೆಂಟು!

ಆ ದಿನ ಆಘಾತದ ನಡುವಿನಲ್ಲಿಯೇ ಚಾಲಕರು ಸ್ವಯಂಚಾಲಕ ಯಂತ್ರದಿಂದ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡರು. ಇಪ್ಪತ್ತೊಂದು ಸೆಕೆಂಡುಗಳ ಕಾಲ ಕೈಯಿಂದಲೇ ನಡೆಸಿ, ಸ್ಥಿರಗೊಳಿಸಿ, ಮತ್ತೆ ಯಂತ್ರಕ್ಕೆ ಒಪ್ಪಿಸಿದರು. ಅನಂತರ ಹದಿನೆಂಟು ಸೆಕೆಂಡುಗಳಲ್ಲಿ ವಿಮಾನವು ತನ್ನ ೩೭,೦೦೦ ಅಡಿಗಳ ದಾರಿಗೆ ಬಂದು ಸೇರಿತು. ಹಿಂದೆ ಪ್ರಯಾಣಿಕರಿಗೆ ಗಾಯಗಳಾಗಿವೆಯೆಂಬ ವರ್ತಮಾನವನ್ನು ಪರಿಚಾರಕರು ತಿಳಿಸಿದೊಡನೆ, ಸಿಂಗಾಪುರವನ್ನು ಬಿಟ್ಟು ಬ್ಯಾಂಕಾಕ್ ನಗರದ ಸುವರ್ಣಭೂಮಿ ನಿಲ್ದಾಣದಲ್ಲಿ ಇಳಿಯುವುದೆಂದು ನಿಶ್ಚಯಿಸಿದರು. ವೈದ್ಯರು ಸಿದ್ಧರಾಗಿರಬೇಕೆಂದು ಮುಂಚಿತವಾಗಿ ಹೇಳಿ ಕಳುಹಿಸಿದರು. ಆಘಾತವಾದ ಒಂದು ಗಂಟೆಯೊಳಗಾಗಿ ವಿಮಾನವು ಕ್ಷೇಮವಾಗಿ ನೆಲವನ್ನು ಮುಟ್ಟಿತು. ಈ ಇಪ್ಪತ್ತೊಂದು ಸೆಕೆಂಡುಗಳ ಹಿಂದೆ ಎಷ್ಟು ವರ್ಷಗಳಿವೆ! ವೈಮಾನಿಕರು ನೆಲದ ಮೇಲೆ, ವಿಮಾನವನ್ನೇ ಹೋಲುವ ಕೋಣೆಯಲ್ಲಿ ಕುಳಿತು, ಬಾರದ ಬಿರುಗಾಳಿಗೂ ಕೆಡದ ಯಂತ್ರಕ್ಕೂ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ನೋಡುವವನಿಗೆ ಅದು ಮಕ್ಕಳ ಆಟದಂತೆ ಕಂಡೀತು. ಸಂಜೆಯ ದೀಪವನ್ನು ಹಚ್ಚಿ, ನಿನ್ನೆ ಹೇಳಿದ ನಾಮವನ್ನೇ ಇಂದೂ ಹೇಳುವ ಮುದುಕಿಯನ್ನು ಕಂಡು “ಇದರಿಂದ ಏನಾಯಿತು?” ಎಂದು ಕೇಳುವವನೂ ಇಂತಹ ನೋಡುವವನೇ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, ಗಾಯಗೊಂಡವರೆಲ್ಲ ಅಲಕ್ಷ್ಯದಿಂದ ಗಾಯಗೊಂಡರೆಂದು ಯಾರಾದರೂ ಭಾವಿಸಿದರೆ ಅದು ದೊಡ್ಡ ಅಪರಾಧವಾಗುವುದು. ವಿಮಾನದ ಪರಿಚಾರಕರು ಆ ಸಮಯದಲ್ಲಿ ಆಸನದಲ್ಲಿ ಕುಳಿತಿರಲು ಸಾಧ್ಯವಿರಲಿಲ್ಲ. ಇತರರು ಕುಳಿತು ಉಣ್ಣಬೇಕಾದರೆ ಯಾರಾದರೂ ನಿಂತಿರಲೇಬೇಕು. ಗಾಳಿಯು ಎಸೆದಾಗ ಅವರೂ ಎಸೆಯಲ್ಪಟ್ಟರು. ಅವರ ಗಾಯವು ಪಟ್ಟಿಯನ್ನು ಮರೆತುದರ ದಂಡನೆಯಲ್ಲ. ಪರರಿಗಾಗಿ ನಿಂತುದರ ಬೆಲೆ. ಮುಂದೆ ನಡೆದುದು ಇನ್ನೂ ದೊಡ್ಡದು. ಗಾಯಗೊಂಡಿದ್ದ ಪರಿಚಾರಕರು ತಮ್ಮ ನೋವನ್ನು ಬದಿಗಿಟ್ಟು ಬಿದ್ದವರ ಶುಶ್ರೂಷೆಗೆ ತೊಡಗಿದರೆಂದು ಆ ವಿಮಾನದಲ್ಲಿದ್ದ ಪ್ರಯಾಣಿಕರೇ ಅನಂತರ ಹೇಳಿದ್ದಾರೆ. ಅವರ ಸೊಂಟಕ್ಕೆ ಪಟ್ಟಿಯಿರಲಿಲ್ಲ, ನಿಜ. ಆದರೆ ಬೇರೊಂದು ಪಟ್ಟಿಯಿತ್ತು. ಅದು ಕರ್ತವ್ಯವೆಂಬ ಪಟ್ಟಿ. ಅದನ್ನು ಅವರು ಎಂದೋ ಕಟ್ಟಿಕೊಂಡಿದ್ದರು. ಅದು ಆ ಕ್ಷಣದಲ್ಲಿಯೂ ಬಿಚ್ಚಿಹೋಗಲಿಲ್ಲ.

ಊರಿನಲ್ಲಿ ಒಬ್ಬನಿಗೆ ಅಕಾಲದಲ್ಲಿ ಸಂಕಟವೊದಗಿದಾಗ “ಯಾವ ಜನ್ಮದ ಕರ್ಮವೋ” ಎಂದು ಜಗಲಿಯ ಮೇಲೆ ಕುಳಿತು ತೀರ್ಪು ಹೇಳುವವರು ಈ ಮಾತನ್ನು ಆಲೋಚಿಸಬೇಕು. ಬಿದ್ದವನ ಕರ್ಮದ ಖಾತೆಯನ್ನು ನೋಡುವ ಅಧಿಕಾರವು ಮನುಷ್ಯನಿಗೆ ಕೊಡಲ್ಪಟ್ಟಿಲ್ಲ. ಅವನಿಗೆ ಕೊಡಲ್ಪಟ್ಟಿರುವುದು ಬಿದ್ದವನನ್ನು ಎತ್ತುವ ಎರಡು ಕೈಗಳು ಮಾತ್ರ.

ಆ ಘಟನೆಯ ಅನಂತರ ಕೆಲವೇ ದಿನಗಳಲ್ಲಿ ವಿಮಾನಸಂಸ್ಥೆಯು ತನ್ನ ಕ್ರಮವನ್ನು ಬದಲಿಸಿತು. ಪಟ್ಟಿಯ ದೀಪವು ಬೆಳಗಿರುವಾಗ ಬಿಸಿಪಾನೀಯವನ್ನು ಮಾತ್ರವಲ್ಲ, ಊಟವನ್ನು ಬಡಿಸುವುದನ್ನೂ ನಿಲ್ಲಿಸಿ ಪರಿಚಾರಕರೂ ತಮ್ಮ ಆಸನಕ್ಕೆ ಹೋಗಿ ಪಟ್ಟಿಯನ್ನು ಕಟ್ಟಿಕೊಳ್ಳಬೇಕೆಂದು ವಿಧಿಸಿತು. ಉಣ್ಣುವವನ ಹಸಿವೆಗಿಂತ ಬಡಿಸುವವನ ಪ್ರಾಣವು ದೊಡ್ಡದೆಂಬುದು ಇದರ ತಾತ್ಪರ್ಯ. ದೇವಸ್ಥಾನಗಳ ಆಡಳಿತವನ್ನು ನಡೆಸುವ ಮಹನೀಯರಿಗೂ ಇದರಲ್ಲಿ ಒಂದು ಪಾಠವುಂಟು. ಸಾವಿರಾರು ಮಂದಿಗೆ ಸಂತರ್ಪಣೆಯಾಗುವ ದಿನ ಒಲೆಯ ಮುಂದೆ ಬೇಯುವವನು, ಚಪ್ಪರದ ಕಂಬವೇರುವವನು, ರಾತ್ರಿಯಿಡೀ ವಾದ್ಯವನ್ನು ಹೊತ್ತು ನಿಲ್ಲುವವನು, ಇವರು ಉಂಡರೇ, ಇವರಿಗೆ ವಿಶ್ರಾಂತಿಯುಂಟೇ, ಇವರಿಗೆ ಅಪಾಯವಿಲ್ಲವೇ ಎಂದು ಕೇಳುವುದು ಸಹ ದೇವಪೂಜೆಯ ಅಂಗವೇ ಆಗಿದೆ.

ಇಷ್ಟಕ್ಕೆ ಶಾಸ್ತ್ರಬಲ್ಲವರು ಒಂದು ಆಕ್ಷೇಪವನ್ನು ಎತ್ತಬಹುದು. ಶ್ರೀಮದ್ಭಾಗವತದ ಆರನೆಯ ಸ್ಕಂಧದಲ್ಲಿ ಅಜಾಮಿಳನ ಕಥೆಯುಂಟಷ್ಟೆ. ಜೀವಮಾನವನ್ನೆಲ್ಲ ಕೆಟ್ಟ ದಾರಿಯಲ್ಲಿ ಕಳೆದ ಆತನು ಯಮದೂತರನ್ನು ಕಂಡು ಬೆದರಿ ತನ್ನ ಕಿರಿಯ ಮಗನನ್ನು “ನಾರಾಯಣ” ಎಂದು ಕೂಗಿದನು. ಆ ಒಂದೇ ಕೂಗಿಗೆ ವಿಷ್ಣುದೂತರು ಬಂದು ಬಿಡಿಸಿದರು. ಎಂಟು ಸೆಕೆಂಡು ಅವನಿಗೆ ಸಾಲಲಿಲ್ಲವೇ?

ಆಕ್ಷೇಪವು ಸರಿಯಾದುದೇ. ಆದರೆ ಕಥೆಯನ್ನು ಪೂರ್ತಿಯಾಗಿ ಓದಬೇಕು. ಬೆದರಿದ ಮನುಷ್ಯನ ನಾಲಿಗೆಯಲ್ಲಿ ಆ ಹೆಸರು ಎಲ್ಲಿಂದ ಬಂದಿತು? ಆ ಮಗನನ್ನು ಆತನು ಉಣ್ಣುವಾಗ ಕರೆದಿದ್ದನು, ಕುಡಿಯುವಾಗ ಕರೆದಿದ್ದನು, ಆಡಿಸುವಾಗ ಕರೆದಿದ್ದನು. ತಿಳಿದೋ ತಿಳಿಯದೆಯೋ ಆ ನಾಮವು ಆತನ ದಿನಚರಿಯಾಗಿ ಹೋಗಿತ್ತು. ಪಟ್ಟಿಯನ್ನು ಕಟ್ಟಿಕೊಂಡಿದ್ದೇನೆಂಬ ಅರಿವಿಲ್ಲದೆಯೇ ಅಜಾಮಿಳನು ಕಟ್ಟಿಕೊಂಡಿದ್ದನು. ಇನ್ನೂ ಒಂದು ವಿಷಯವುಂಟು. ಆ ಕೂಗಿನಿಂದ ಆತನಿಗೆ ಕೂಡಲೇ ವೈಕುಂಠವು ದೊರೆಯಲಿಲ್ಲ. ಆತನಿಗೆ ದೊರೆತುದು ಗಡುವು. ಪಾಶದಿಂದ ಬಿಡಿಸಿಕೊಂಡ ಮೇಲೆ ಪಶ್ಚಾತ್ತಾಪಪಟ್ಟು ಗಂಗಾದ್ವಾರಕ್ಕೆ ಹೋಗಿ, ಸಾಧನೆಯಲ್ಲಿ ತೊಡಗಿ, ಅನಂತರ ಸದ್ಗತಿಯನ್ನು ಪಡೆದನೆಂದು ಭಾಗವತವು ಹೇಳುತ್ತದೆ. ಒಂದು ಆಘಾತದಿಂದ ಪಾರಾದವನು ಮನೆಗೆ ಬಂದು ಮತ್ತೆ ಹಿಂದಿನಂತೆಯೇ ಬಾಳಿದರೆ, ಅವನಿಗೆ ಅಜಾಮಿಳನ ಕಥೆಯ ಅರ್ಧವು ಮಾತ್ರ ತಿಳಿಯಿತೆನ್ನಬೇಕು.

ಇನ್ನೊಂದು ಆಕ್ಷೇಪವು ಇದಕ್ಕಿಂತಲೂ ಕಠಿನವಾದುದು. ಅದನ್ನು ಮುಚ್ಚಿಡುವುದು ಸಲ್ಲದು. ೧೯೬೬ನೆಯ ಇಸವಿ ಮಾರ್ಚ್ ೫ರಂದು ಬ್ರಿಟಿಷ್ ಸಂಸ್ಥೆಯೊಂದರ ಬೋಯಿಂಗ್ ೭೦೭ ವಿಮಾನವು ಜಪಾನಿನ ಟೋಕಿಯೋ ನಗರದಿಂದ ಹಾಂಗ್‌ಕಾಂಗ್ ಕಡೆಗೆ ಹೊರಟಿತು. ಆಕಾಶವು ಸ್ವಚ್ಛವಾಗಿತ್ತು. ಹಿಮವನ್ನು ಹೊದ್ದ ಫ್ಯೂಜಿ ಪರ್ವತವು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಪರ್ವತದ ಮರೆಯಲ್ಲಿ, ಕಲ್ಲಿಗೆ ಬಡಿದ ಹೊಳೆಯ ನೀರಿನಂತೆ ಸುಳಿಗೊಂಡಿದ್ದ ಗಾಳಿಗೆ ಸಿಕ್ಕಿ ವಿಮಾನವು ಆಕಾಶದಲ್ಲಿಯೇ ಮುರಿದುಬಿದ್ದು, ಅದರಲ್ಲಿದ್ದ ೧೨೪ ಮಂದಿಯೂ ಮಡಿದರು. ಅಲ್ಲಿ ಯಾರ ಪಟ್ಟಿಯೂ ಯಾರನ್ನೂ ಉಳಿಸಲಿಲ್ಲ. ಹಾಗಾದರೆ ಕಟ್ಟಿಕೊಂಡವನಿಗೆ ಏನು ಫಲ?

ಭಕ್ತಿಯನ್ನು ಜಮಾಖರ್ಚಿನ ಪುಸ್ತಕವನ್ನಾಗಿ ಮಾಡಿಕೊಂಡವನಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಇಷ್ಟು ಪೂಜೆ ಜಮಾ, ಇಷ್ಟು ಕ್ಷೇಮ ಖರ್ಚು. ಶಿಲ್ಕಿನಲ್ಲಿ ವ್ಯತ್ಯಾಸ ಬಂದರೆ ದೇವರ ಮೇಲೆ ದೂರು! ಅಂತಹವನ ಭಕ್ತಿಯು ಮೊದಲನೆಯ ಆಘಾತದಲ್ಲಿಯೇ ಚಾವಣಿಗೆ ಬಡಿಯುವುದು. ಸೊಂಟದ ಪಟ್ಟಿಯು ಗಾಳಿಯನ್ನು ತಡೆಯುವುದೆಂದು ಅದನ್ನು ಕಟ್ಟಿಕೊಡುವವರು ಎಂದೂ ಹೇಳಿಲ್ಲ. ಪ್ರಾಣವು ಉಳಿದೇ ಉಳಿಯುವುದೆಂದೂ ಹೇಳಿಲ್ಲ. ಅದು ಮಾಡುವುದು ಒಂದೇ ಕೆಲಸ. ಕುಳಿತವನನ್ನು ಅವನ ಆಸನದಲ್ಲಿ ಹಿಡಿದಿಡುವುದು. ಅವನು ಹಾರಿ ಇನ್ನೊಬ್ಬನ ಮೇಲೆ ಬೀಳದಂತೆ ಕಾಯುವುದು. ದೈವಭಕ್ತಿಯೂ ಅಷ್ಟನ್ನೇ ಮಾಡುವುದು. ಆ ಅಷ್ಟು ಅಲ್ಪವಲ್ಲ. ಮಗನನ್ನು ಕಳೆದುಕೊಂಡ ತಂದೆಯೊಬ್ಬನು ಮರುದಿನ ಸೊಸೆಯ ಮೇಲೆ ಹರಿಹಾಯದೆ, ಮದ್ಯಕ್ಕೆ ಶರಣಾಗದೆ, ದೀಪವನ್ನು ಹಚ್ಚಿ ಮೊಮ್ಮಕ್ಕಳಿಗೆ ಗಂಜಿಯನ್ನು ಬಡಿಸುವನಾದರೆ, ಅವನನ್ನು ಆಸನದಲ್ಲಿ ಹಿಡಿದಿಟ್ಟ ಪಟ್ಟಿ ಯಾವುದು? ದುಃಖವು ಅವನನ್ನು ಬಿಡಲಿಲ್ಲ. ಆದರೆ ಅವನು ದುಃಖದೊಡನೆ ಹಾರಿಹೋಗಲಿಲ್ಲ.

ಪಟ್ಟಿಯ ವಿಷಯದಲ್ಲಿ ಮತ್ತೊಂದು ಸ್ವಾರಸ್ಯವುಂಟು. ದೀಪವು ಆರಿದ ಮೇಲೆಯೂ, ಕುಳಿತಿರುವಷ್ಟು ಹೊತ್ತು ಪಟ್ಟಿಯನ್ನು ಸಡಿಲವಾಗಿ ಕಟ್ಟಿಕೊಂಡೇ ಇರಬೇಕೆಂದು ವಿಮಾನದಲ್ಲಿ ಹೇಳುವುದುಂಟು. ಹಾಗೆ ಕಟ್ಟಿಕೊಂಡವನು ಉಣ್ಣಬಹುದು, ಓದಬಹುದು, ನೆರೆಯವನೊಡನೆ ಮಾತಾಡಬಹುದು, ನಿದ್ರಿಸಲೂಬಹುದು. ಪಟ್ಟಿಯು ಅವನ ಯಾವ ಸುಖವನ್ನೂ ಕಸಿದುಕೊಳ್ಳುವುದಿಲ್ಲ. ಗೃಹಸ್ಥನಿಗೆ ಹೇಳಿದ ನಾಮಸ್ಮರಣೆಯೂ ಹೀಗೆಯೇ. ಸಂಸಾರವನ್ನು ಬಿಟ್ಟು ಕಾಡಿಗೆ ಹೋಗೆಂದು ಅದು ಹೇಳುವುದಿಲ್ಲ. ತೋಟಕ್ಕೆ ನೀರು ಹಾಯಿಸುತ್ತ, ಹಟ್ಟಿಯನ್ನು ಗುಡಿಸುತ್ತ, ಅಂಗಡಿಯಲ್ಲಿ ತೂಕ ಮಾಡುತ್ತ, ಪರದೇಶದಲ್ಲಿ ಲಾರಿಯನ್ನು ನಡೆಸುತ್ತ ಅದನ್ನು ಧರಿಸಬಹುದು. ವಿಮಾನವು ಹೊರಡುವ ಮೊದಲು ಪಟ್ಟಿಯನ್ನು ಹೇಗೆ ಕಟ್ಟಬೇಕೆಂದು ಪ್ರತಿಸಲವೂ ತೋರಿಸಿಕೊಡುತ್ತಾರೆ. ಹಲವು ಸಲ ಹಾರಿದವನು ಅದನ್ನು ನೋಡುವುದಿಲ್ಲ. ಪತ್ರಿಕೆಯಲ್ಲಿ ಮುಖವನ್ನು ಮುಚ್ಚಿಕೊಂಡಿರುತ್ತಾನೆ. ದೇವಾಲಯದ ಗಂಟೆಯೂ ದಿನಕ್ಕೆ ಮೂರು ಹೊತ್ತು ಅದೇ ಮಾತನ್ನು ತೋರಿಸಿಕೊಡುತ್ತಿದೆ. ಅದರ ಸಮೀಪದಲ್ಲಿ ಮನೆಯಿರುವವನಿಗೇ ಅದು ಕೇಳಿಸುವುದು ಕಡಮೆ.

ಜೀರ್ಣೋದ್ಧಾರವೆಂಬ ಕಾರ್ಯದ ಮರ್ಮವೂ ಇದೇ. ಮಾಡಿನ ಪಕ್ಕಾಸುಗಳಿಗೆ ಗೆದ್ದಲು ಹಿಡಿಯುವುದು ಬಿಸಿಲ ಕಾಲದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹಂಚು ಮೇಲಿದೆ, ಮಾಡು ನಿಂತಿದೆ, ಆಕಾಶವು ತಿಳಿಯಾಗಿದೆ. ಸದ್ಯಕ್ಕೆ ಏನು ಅವಸರವೆಂದು ತೋರುವುದು. ಆಷಾಢದ ಗಾಳಿ ಎದ್ದ ರಾತ್ರಿ ಬಡಗಿಯನ್ನು ಕರೆದರೆ ಆತನು ಯಾವ ಮರವನ್ನು ತಂದು ಯಾವಾಗ ಕೆತ್ತಿಯಾನು? ಮಳೆಯು ಇನ್ನೂ ದೂರವಿರುವಾಗಲೇ ಹಳೆಯ ಪಕ್ಕಾಸುಗಳನ್ನು ಬಿಚ್ಚಿ, ತಟ್ಟಿ ನೋಡಿ, ಟೊಳ್ಳಾದುದನ್ನು ತೆಗೆದು ಗಟ್ಟಿಯ ಮರವನ್ನು ಕೂಡಿಸಿದ ಊರು ಕಟಿಬದ್ಧವಾದ ಊರು. ಆದರೆ ಕಲ್ಲುಮರಗಳ ಕೆಲಸವು ಮುಗಿದು ಬ್ರಹ್ಮಕಲಶವು ನೆರವೇರಿದ ಮಾತ್ರಕ್ಕೆ ಜೀರ್ಣೋದ್ಧಾರವು ಸಂಪೂರ್ಣವಾಯಿತೆನ್ನಲಾಗದು. ಭಕ್ತನು ತನ್ನ ಮನೆಯ ಮಾಡನ್ನೂ, ಮನಸ್ಸಿನ ಮಾಡನ್ನೂ ಒಮ್ಮೆ ತಟ್ಟಿ ನೋಡಬೇಕು. ನಿಂತುಹೋದ ಸಂಜೆಯ ಭಜನೆಯನ್ನು ಮತ್ತೆ ಆರಂಭಿಸಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರು ಆರೋಗ್ಯವಿರುವಾಗಲೇ ಮಾತನಾಡಬೇಕು. ರೋಗಶಯ್ಯೆಯ ಬಳಿ ಆ ಎಂಟು ಸೆಕೆಂಡುಗಳು ಸಿಕ್ಕಾವೆಂದು ಕಾಯಬಾರದು. ದೂರದಲ್ಲಿರುವ ಮಕ್ಕಳಿಗೆ ಹಣದ ಸುದ್ದಿಯೊಡನೆ ಮನೆಯ ದೇವರ ಸುದ್ದಿಯನ್ನೂ ಹೇಳುತ್ತಿರಬೇಕು.

ಸಂಕಟ ಬಂದಾಗ ವೆಂಕಟರಮಣನನ್ನು ಕರೆಯಬಾರದೆಂದು ಗಾದೆಯು ಹೇಳಿಲ್ಲ. ಕರೆಯಲಿ, ಆತನು ಬರುವನು. ಆದರೆ ಸಂಕಟ ಬರುವ ಮೊದಲೇ ಕರೆದವನಿಗೆ, ಆ ಹೊತ್ತಿನಲ್ಲಿ ಹೊಸದಾಗಿ ಕರೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ಕರೆಯಲ್ಪಟ್ಟವನು ಮೊದಲೇ ಬಂದು ಅವನ ಬಳಿಯ ಆಸನದಲ್ಲಿ ಕುಳಿತಿರುತ್ತಾನೆ.

ಆಕಾಶದಲ್ಲಿ ಹಾರುವ ಮಕ್ಕಳನ್ನೂ, ಅವರನ್ನು ಹೊತ್ತು ನಡೆಸುವ ವೈಮಾನಿಕರನ್ನೂ, ನಿಂತು ಸೇವೆ ಮಾಡುವ ಪರಿಚಾರಕರನ್ನೂ, ನೆಲದ ಮೇಲೆ ಅವರ ದಾರಿಯನ್ನು ಕಾಯುವ ತಾಯಂದಿರನ್ನೂ ಭಗವಂತನು ಕಾಪಾಡಲಿ. ಗಾಳಿಯು ಎದ್ದಾಗ ಅಲುಗದ ಬುದ್ಧಿಯನ್ನೂ, ಬಿದ್ದವನನ್ನು ಎತ್ತುವ ಕೈಯನ್ನೂ ಸಕಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.